ಮುಚ್ಚಿಹೋದ ಬಿಲಗಳ ಸಾಕ್ಷ್ಯ

ಪ್ರಶ್ನೆ: ಧ್ರುವ ಸಮುದ್ರಗಳ ತಳದಲ್ಲಿ ಹುಳುಗಳು ಕೊರೆದ ಬಿಲಗಳಿಂದ ಲಕ್ಷಾಂತರ ವರ್ಷ ಹಿಂದಿನ ಸ್ಥಿತಿ ತಿಳಿಯುತ್ತದಂತೆ. ಅಷ್ಟು ಕಾಲದಲ್ಲಿ ಬಿಲ ಮುಚ್ಚಿಹೋಗುವುದಿಲ್ಲವೇ?

ಉತ್ತರ: ಮುಚ್ಚಿಹೋಗುತ್ತದೆ, ಅದರಿಂದಲೇ ಉಳಿಯುತ್ತದೆ. ಖಾಲಿಯಾದ ಬಿಲದೊಳಕ್ಕೆ ಮೇಲಿನ ಕೆಸರು ಇಳಿಯುತ್ತದೆ, ಇಲ್ಲವೇ ಹುಳುವೇ ಅದನ್ನು ತನ್ನ ಹಿಕ್ಕೆಯಿಂದ ತುಂಬಿ ಮುಂದೆ ಸಾಗುತ್ತದೆ. ಹೀಗೆ ತುಂಬಿದ ಕೆಸರಿನ ಬಣ್ಣವೂ ಸಾಂದ್ರತೆಯೂ ಸುತ್ತಲಿನದಕ್ಕಿಂತ ಬೇರೆ. ಕಡಲ ತಳದಿಂದ ಕೊಳವೆಯಲ್ಲಿ ಎತ್ತಿದ ಕೆಸರನ್ನು ಉದ್ದಕ್ಕೆ ಸೀಳಿದರೆ ಅಥವಾ ಎಕ್ಸ್‌ರೇ ತೆಗೆದರೆ ಬಿಲಗಳು ಮಚ್ಚೆಗಳಾಗಿ ಕಾಣುತ್ತವೆ. ಮೆತ್ತನೆ ಮೈಯ ಹುಳು ಮಾತ್ರ ಸಾಮಾನ್ಯವಾಗಿ ಸಿಗುವುದಿಲ್ಲ. ಹಾಗಾಗಿ ಹೆಸರಿಡುವುದು ಬಿಲಕ್ಕೇ: ಬೇರಿನ ಹಾಗೆ ಕವಲೊಡೆದು ಇಳಿದದ್ದು ಕಾಂಡ್ರೈಟಿಸ್.

ಆರ್ಕ್ಟಿಕ್‌ನ ನಡುಭಾಗದಲ್ಲಿ ಸೂಕ್ಷ್ಮಜೀವಿಗಳ ಸುಣ್ಣದ ಚಿಪ್ಪುಗಳು ಅಪರೂಪ. ಬಿಲಕ್ಕೆ ಅಲ್ಲಿ ಬೆಲೆ ಬಂದಿರುವುದು ಅದಕ್ಕೇ. ತಳದ ಜೀವಿಗಳಿಗೆ ಊಟ ಮೇಲಿನಿಂದ ಉದುರಬೇಕು. ಹಿಮಯುಗದಲ್ಲಿ ದಪ್ಪ ಹಿಮ ಕವಿದು ಬೆಳಕು ನಿಂತರೆ ಪಾಚಿ ಬೆಳೆಯದು, ಕೆಳಗೆ ಏನೂ ಬೀಳದು. ಬೆಚ್ಚಗಿನ ಕಾಲದ ಕಂದು ಪದರಗಳಲ್ಲಿ ಬಿಲಗಳು ಕಿಕ್ಕಿರಿದಿದ್ದರೆ ಹಿಮಯುಗದ ಬೂದು ಪದರಗಳಲ್ಲಿ ವಿರಳ.

ಹಾಗೆಂದು ಬಿಲವಿಲ್ಲದ ಪದರವೆಲ್ಲ ಹಿಮಯುಗದ್ದೆಂದರೆ ಮೋಸಹೋಗುತ್ತೇವೆ. 2004ರಲ್ಲಿ ಮೂರು ಹಿಮಭಂಜಕ ಹಡಗುಗಳು ಸೇರಿ ಉತ್ತರ ಧ್ರುವದ ಸಮೀಪ ಲೊಮೊನೊಸೊವ್ ಪರ್ವತಶ್ರೇಣಿಯ ಮೇಲೆ 400 ಮೀಟರಿಗೂ ಹೆಚ್ಚು ಆಳ ಕೊರೆದವು. ಅಲ್ಲಿ ಸುಮಾರು 4.9 ಕೋಟಿ ವರ್ಷ ಹಿಂದಿನ ಕೆಸರಿನಲ್ಲಿ ಸಿಕ್ಕಿದ್ದು ಅಜೋಲಾ! ನಮ್ಮ ರೈತರು ದನದ ಮೇವಿಗೆ ತೊಟ್ಟಿಯಲ್ಲಿ ಬೆಳೆಸುತ್ತಾರಲ್ಲ, ಅದೇ ಕುಲದ ಜರಿಗಿಡ. ಆಗ ಆರ್ಕ್ಟಿಕ್ ಬೆಚ್ಚಗಿತ್ತು. ಉಪ್ಪುನೀರಿನ ಮೇಲೆ ಸಿಹಿನೀರು ನಿಂತು, ಎರಡೂ ಬೆರೆಯದೆ, ತಳಕ್ಕೆ ಆಮ್ಲಜನಕ ಇಳಿಯುತ್ತಿರಲಿಲ್ಲ. ಊಟ ಬೇಕಾದಷ್ಟಿತ್ತು, ಉಸಿರಿಗೇ ಗತಿಯಿರಲಿಲ್ಲ. ಆ ಕೆಸರು ಕಪ್ಪಗೆ, ಸಾವಯವ ಅಂಶ ತುಂಬಿ, ಕಲಕದ ತೆಳು ಪದರಗಳಾಗಿ ಉಳಿದಿದೆ. ಇನ್ನು ಹಿಮಗಡ್ಡೆಗಳು ಹೊತ್ತುತಂದ ಮಣ್ಣು ರಾಶಿರಾಶಿಯಾಗಿ ಬಿದ್ದಲ್ಲೂ ಬಿಲ ಕಾಣದು. ಅಲ್ಲಿ ಕೆಸರಿನ ನಡುವಿನ ಹರಳುಕಲ್ಲುಗಳು ಗುಟ್ಟು ಬಿಟ್ಟುಕೊಡುತ್ತವೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಕಷ್ಟದ್ದು ಕಾಲ ಗುರುತಿಸುವುದು. ಬಿಲ ಯಾವಾಗಲೂ ತಾನಿರುವ ಪದರಕ್ಕಿಂತ ಕಿರಿಯದು. ಝೂಫೈಕೋಸ್ ಎಂಬ ಬಿಲದ ಒಡೆಯರಂತೂ ಮೀಟರಿನಷ್ಟು ಆಳಕ್ಕೂ ಇಳಿದು, ಇತ್ತೀಚಿನ ಚಿಪ್ಪನ್ನು ಹಳೆಯ ಕೆಸರಿಗೆ ಸಾಗಿಸಿಬಿಡುತ್ತಾರೆ. ಕಾರ್ಬನ್ ಪರೀಕ್ಷೆಗೆ ಚಿಪ್ಪು ಆರಿಸುವವರು ಮೊದಲು ಎಕ್ಸ್‌ರೇ ನೋಡಿ, ಬಿಲವಿರುವ ಜಾಗ ಬಿಟ್ಟು ಮಾದರಿ ತೆಗೆಯಬೇಕಾಗುತ್ತದೆ.