ದೋಣಿಗೆ ಎರಡು ಕಣ್ಣು

ಒಮ್ಮೆ ಶೈಕ್ಷಣಿಕ ಪ್ರವಾಸಕ್ಕೆ ಉಡುಪಿಗೆ ಹೋದಾಗ ನಮ್ಮ ವಿದ್ಯಾರ್ಥಿಗಳೊಡನೆ ಮಲ್ಪೆಯ ಬಂದರವನ್ನು ನೋಡಿದೆವು. ದಡಕ್ಕೆ ಕಟ್ಟಿದ ಒಂದು ಮೀನುಗಾರಿಕೆಯ ದೋಣಿಯಲ್ಲಿ ಚಿಕ್ಕ ಟೆಲಿವಿಜನ್ನಿನಂಥ ಪೆಟ್ಟಿಗೆಯಿತ್ತು. ಪರದೆಯ ಒಂದು ಭಾಗದಲ್ಲಿ ನಕ್ಷೆ, ಇನ್ನೊಂದು ಭಾಗದಲ್ಲಿ ಬಣ್ಣದ ಗೆರೆಗಳು. “ಇದು ದಾರಿಯನ್ನೂ ತೋರಿಸುತ್ತದೆ, ಮೀನನ್ನೂ ತೋರಿಸುತ್ತದೆ” ಎಂದು ದೋಣಿಯವರು ಹೇಳಿದರು. ಕೂಡಲೇ ಒಬ್ಬ ಹುಡುಗ ಕೇಳಿದ: “ಸರ್, ನಮ್ಮ ಉಜನಿಯ ಮೀನುಗಾರರಿಗೂ ಇಂಥದು ಬೇಕಲ್ಲವೇ?”

ಒಳ್ಳೆಯ ಪ್ರಶ್ನೆ. ಉತ್ತರ ಕೊಡುವ ಮೊದಲು ಆ ಪೆಟ್ಟಿಗೆ ಏನು ಮಾಡುತ್ತದೆಂಬುದನ್ನು ತಿಳಿಯೋಣ.

ನಾನು ಎಲ್ಲಿದ್ದೇನೆ?

ಇದು ಮೊದಲನೆಯ ಕಣ್ಣಿನ ಕೆಲಸ. ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಭೂಮಿಯನ್ನು ಸುತ್ತುವ ಜಿ.ಪಿ.ಎಸ್. ಉಪಗ್ರಹಗಳು ಸಮಯದ ಸಂಕೇತಗಳನ್ನು ಕಳಿಸುತ್ತಿರುತ್ತವೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಸಿಕ್ಕರೆ ಯಂತ್ರವು ತಾನಿರುವ ಅಕ್ಷಾಂಶ, ರೇಖಾಂಶಗಳನ್ನು ಲೆಕ್ಕ ಹಾಕುತ್ತದೆ. ಭೂಗೋಲದ ತಾಸಿನಲ್ಲಿ ಬೇಸರವೆನಿಸುವ ಈ ಗೆರೆಗಳೇ ಕಡಲಿನಲ್ಲಿ ಊರ ದಾರಿ. ಬಂಡೆಗೆ ಬಲೆ ಸಿಕ್ಕಿ ಹರಿದ ಜಾಗವನ್ನು ಒಮ್ಮೆ ಗುರುತು ಮಾಡಿಟ್ಟರೆ ಮುಂದಿನ ಸಲ ಅದನ್ನು ತಪ್ಪಿಸಬಹುದು. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯು ಸಮುದ್ರದ ಮೇಲ್ಮೈಯ ಉಷ್ಣತೆ ಮತ್ತು ನೀರಿನ ಹಸಿರು ಬಣ್ಣವನ್ನು ಉಪಗ್ರಹಗಳಿಂದ ಅಳೆದು, ಮೀನು ಸಿಗಬಹುದಾದ ಕ್ಷೇತ್ರಗಳನ್ನು ಮೀನುಗಾರರಿಗೆ ತಿಳಿಸುತ್ತದೆ. ಆ ಸೂಚನೆಯೂ ಅಕ್ಷಾಂಶ, ರೇಖಾಂಶಗಳಲ್ಲಿಯೇ ಇರುತ್ತದೆ.

ನನ್ನ ಕೆಳಗೆ ಏನಿದೆ?

ಇದು ಎರಡನೆಯ ಕಣ್ಣಿನ ಕೆಲಸ. ನಿಜ ಹೇಳಬೇಕೆಂದರೆ ಅದು ಕಣ್ಣಲ್ಲ, ಕಿವಿ. ದೋಣಿಯ ತಳದಲ್ಲಿರುವ ಭಾಗವೊಂದು ನಮ್ಮ ಕಿವಿಗೆ ಕೇಳದ ಧ್ವನಿಯನ್ನು ನೀರಿನೊಳಗೆ ಬಿಡುತ್ತದೆ. ತಳಕ್ಕೆ ತಾಗಿ ಅದು ಪ್ರತಿಧ್ವನಿಯಾಗಿ ಮರಳುತ್ತದೆ. ಸಮುದ್ರದ ನೀರಿನಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 1,500 ಮೀಟರು. ಪ್ರತಿಧ್ವನಿ 0.08 ಸೆಕೆಂಡಿಗೆ ಬಂದರೆ ಅದು ಹೋಗಿ ಬಂದ ದೂರ 120 ಮೀಟರು. ಆಳ ಅದರ ಅರ್ಧ, 60 ಮೀಟರು. ಅನೇಕ ಮೀನುಗಳ ಒಡಲಿನಲ್ಲಿ ಗಾಳಿಯ ಚೀಲವಿರುತ್ತದೆ. ಅದಕ್ಕೆ ತಾಗಿದ ಧ್ವನಿಯು ಜೋರಾಗಿ ಮರಳುವದರಿಂದ ಮೀನೂ ಪರದೆಯ ಮೇಲೆ ಮೂಡುತ್ತದೆ. ಜಪಾನಿನ ಫುರುನೊ ಸಹೋದರರು 1948ರಲ್ಲಿ ಇಂಥ ಮತ್ಸ್ಯಶೋಧಕವನ್ನು ಬಳಕೆಗೆ ತಂದರು.

ಕೊಳ್ಳುವ ಮೊದಲು

ಎರಡೂ ಕೆಲಸ ಮಾಡುವ ಸಂಯುಕ್ತ ಯಂತ್ರವನ್ನು ಕೊಳ್ಳುವವರು ಅಂಗಡಿಗೆ ಹೋಗುವ ಮೊದಲು ತಮ್ಮ ನೀರನ್ನು ನೋಡಬೇಕು. ಆಳವಾದ ಕಡಲಿಗೆ 50 ಕಿಲೋಹರ್ಟ್ಸ್ ಧ್ವನಿ ಒಳ್ಳೆಯದು. ಅದು ದೂರ ಇಳಿಯುತ್ತದೆ, ಆದರೆ ಚಿತ್ರ ಒರಟು. ಆಳ ಕಡಿಮೆಯಿದ್ದಲ್ಲಿ 200 ಕಿಲೋಹರ್ಟ್ಸ್ ಸ್ಪಷ್ಟವಾಗಿ ತೋರಿಸುತ್ತದೆ. ಎರಡನೆಯದಾಗಿ, ಧ್ವನಿ ಬಿಡುವ ಭಾಗವನ್ನು ಇಂಜಿನಿನ ಪಂಖ ಎಬ್ಬಿಸುವ ನೊರೆಯಿಂದ ದೂರ ಕೂಡಿಸಬೇಕು. ಗುಳ್ಳೆಗಳು ಧ್ವನಿಯನ್ನು ಕೆಡಿಸುತ್ತವೆ. ಮೂರನೆಯದಾಗಿ, ಪರದೆಯನ್ನು ಅಂಗಡಿಯ ನೆರಳಿನಲ್ಲಿ ನೋಡದೆ ಬಿಸಿಲಿನಲ್ಲಿ ನೋಡಬೇಕು. ಒಂದೇ ಪರದೆಯನ್ನು ನಕ್ಷೆ ಮತ್ತು ಮೀನು ಹಂಚಿಕೊಳ್ಳುವವು. ಚಿಕ್ಕದಾದರೆ ಎರಡೂ ಕಾಣಲಾರವು. ನಾಲ್ಕನೆಯದು, ದುರಸ್ತಿ ಮಾಡುವವರು ಹತ್ತಿರದಲ್ಲಿ ಇದ್ದಾರೆಯೇ ಎಂದು ಕೇಳಬೇಕು. ಕೊನೆಯದಾಗಿ, ಪೆಟ್ಟಿಗೆ ಕೆಟ್ಟರೆ ಎರಡು ಕಣ್ಣೂ ಒಟ್ಟಿಗೆ ಮುಚ್ಚುವವು. ಆದ್ದರಿಂದ ಒಂದು ದಿಕ್ಸೂಚಿ ಸದಾ ಜೊತೆಗಿರಬೇಕು.

“ಮೊಬೈಲಿನಲ್ಲಿ ಜಿ.ಪಿ.ಎಸ್. ಇದೆಯಲ್ಲ?” ಎಂದು ನೀವು ಕೇಳಬಹುದು. ಇದೆ. ಆದರೆ ಅದು ಆಳವನ್ನು ಹೇಳದು. ಉಪ್ಪುನೀರು ಹೊಕ್ಕರೆ ಬಾಳದು.

ಇನ್ನು ನಮ್ಮ ಉಜನಿ

ಭೀಮಾ ನದಿಗೆ ಕಟ್ಟಿದ ಉಜನಿ ಅಣೆಕಟ್ಟು 1980ರಲ್ಲಿ ಪೂರ್ಣಗೊಂಡಿತು. ಇಲ್ಲಿ ಸಂಜೆ ಬಲೆ ಹಾಸಿ ಮುಂಜಾನೆ ಎತ್ತುವ ಚಿಕ್ಕ ದೋಣಿಯವರಿಗೆ ಕಡಲಿನ ನಕ್ಷೆಗಳಿಂದ ಉಪಯೋಗವಿಲ್ಲ. ದಡ ಕಣ್ಣಿಗೆ ಕಾಣುತ್ತದೆ, ದಾರಿ ಬಾಯಿಪಾಠವಾಗಿದೆ. ಆದರೆ ಕೆಳಗೆ ಏನಿದೆಯೆಂಬುದು ಮುಖ್ಯ. ಹಿನ್ನೀರಿನಲ್ಲಿ ಮುಳುಗಿದ ಪಳಸದೇವದ ಹಳೆಯ ದೇವಾಲಯವು ನೀರು ಇಳಿದಾಗ ಮೇಲೆ ಕಾಣಿಸುತ್ತದೆ. ನೀರು ತುಂಬಿದಾಗ ಕಣ್ಣಿಗೆ ಬೀಳದು. ಇಂಥಲ್ಲಿ ಆಳ ತೋರಿಸುವ ಸಾದಾ ಯಂತ್ರ ಸಾಕು. ಅದೂ ಇಲ್ಲದಿದ್ದರೆ ಕಲ್ಲು ಕಟ್ಟಿದ ಹಗ್ಗವನ್ನು ಇಳಿಬಿಟ್ಟು ‘ಇಷ್ಟು ಮಾರು ನೀರು’ ಎಂದು ಎಣಿಸುವ ಹಿರಿಯರ ಲೆಕ್ಕವಿದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಸಾಲ ಮಾಡಿ ದೊಡ್ಡ ಪೆಟ್ಟಿಗೆ ತಂದರೆ ಹಿಡಿದ ಮೀನೆಲ್ಲ ಕಂತು ಕಟ್ಟುವದಕ್ಕೇ ಹೋದೀತು.

ಮೂರನೆಯ ಪ್ರಶ್ನೆ

2024ರ ಮೇ 21ರಂದು ಕುಗಾವದಿಂದ ಕಳಾಶಿಗೆ ಹೊರಟ ಪ್ರಯಾಣಿಕರ ದೋಣಿಯು ಇದೇ ಉಜನಿಯ ನೀರಿನಲ್ಲಿ ಬಿರುಗಾಳಿಗೆ ಸಿಕ್ಕಿ ಮಗುಚಿತು. 6 ಜನ ಪ್ರಾಣ ಕಳೆದುಕೊಂಡರು. ಅವರಿಗೆ ದಾರಿ ತಿಳಿಯದೆ ಇರಲಿಲ್ಲ. ‘ಎಲ್ಲಿದ್ದೇನೆ? ಕೆಳಗೇನಿದೆ?’ ಎಂಬ ಎರಡು ಪ್ರಶ್ನೆಗಳಿಗೆ ಸಂಯುಕ್ತ ಯಂತ್ರ ಉತ್ತರ ಕೊಡುತ್ತದೆ. ‘ಈಗ ಹೊರಡಬಹುದೇ?’ ಎಂಬ ಮೂರನೆಯ ಪ್ರಶ್ನೆಗೆ ಹವಾಮಾನದ ಮುನ್ಸೂಚನೆಯನ್ನು ಕೇಳಿ, ಮುಗಿಲನ್ನು ನೋಡಿ ಮನುಷ್ಯನೇ ಉತ್ತರ ಹೇಳಬೇಕು.

ಆದ್ದರಿಂದ ಆ ಹುಡುಗನಿಗೆ ನಾನು ಹೇಳಿದ್ದು ಇಷ್ಟೇ: ಉಜನಿಯ ದೋಣಿಗೆ ಮೊದಲು ಬೇಕಾದದ್ದು ಪ್ರತಿಯೊಬ್ಬರಿಗೂ ಒಂದು ಜೀವರಕ್ಷಕ ಅಂಗಿ, ಆಮೇಲೆ ಆಳ ಅಳೆಯುವ ಸಾಧನ, ಹಣ ಉಳಿದರೆ ದೊಡ್ಡ ಪೆಟ್ಟಿಗೆ. ಪಾಲಕರೇ, ರಜೆಯಲ್ಲಿ ಮಕ್ಕಳನ್ನು ದೋಣಿಗೆ ಹತ್ತಿಸುವಾಗ ಈ ಸರದಿಯನ್ನು ಮರೆಯಬೇಡಿರಿ.

ಅಭ್ಯಾಸ

1. ಪ್ರತಿಧ್ವನಿ 0.02 ಸೆಕೆಂಡಿಗೆ ಮರಳಿದರೆ ನೀರಿನ ಆಳ ಎಷ್ಟು?

2. ಸೊಲ್ಲಾಪುರದ ಅಕ್ಷಾಂಶ ಸುಮಾರು 17 ಅಂಶ 40 ಕಲೆ, ಮಲ್ಪೆಯದು 13 ಅಂಶ 21 ಕಲೆ. ಒಂದು ಅಂಶಕ್ಕೆ 60 ಕಲೆ. ಅಕ್ಷಾಂಶದ ಒಂದು ಕಲೆಗೆ ಸುಮಾರು 1.852 ಕಿಲೋಮೀಟರು. ಮಲ್ಪೆ ನಮಗಿಂತ ಎಷ್ಟು ಕಿಲೋಮೀಟರು ದಕ್ಷಿಣಕ್ಕಿದೆ?

3. ನಿಮ್ಮ ಅಜ್ಜ ಅಜ್ಜಿಯರಿಂದ ‘ಮಾರು’, ‘ಮೊಳ’, ‘ಗೇಣು’ಗಳ ಅಳತೆಯನ್ನು ಕೇಳಿ ಬರೆಯಿರಿ.