ಲ್ಯಾಬ್ ಕೆಲಸದವರ ತೋಳು-ಭುಜದ ನೋವು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಡಾಕ್ಟ್ರೇ, ನಾನು ಕಡೂರಿನಲ್ಲಿ ಲ್ಯಾಬ್ ಟೆಕ್ನೀಷಿಯನ್. ಬೆಳಗ್ಗೆ ರಕ್ತ ತೆಗೆಯುವುದು, ಆಮೇಲೆ ಮಧ್ಯಾಹ್ನದವರೆಗೂ ಮೈಕ್ರೋಸ್ಕೋಪ್. ಕಫದ ಸ್ಲೈಡು, ಮಲೇರಿಯಾ ಸ್ಲೈಡು, ಡೆಂಗ್ಯೂ ಕಾಲದಲ್ಲಿ ಪ್ಲೇಟ್‌ಲೆಟ್ ಎಣಿಕೆ. ಸಂಜೆಯಾದರೆ ಬಲಭುಜದಿಂದ ಕುತ್ತಿಗೆವರೆಗೂ ಸೆಳೆತ. ಈಚೆಗೆ ತಲೆ ಬಾಚಲೂ ಕೈ ಏಳುತ್ತಿಲ್ಲ. ತೋಳಿಗೆ ಆಸರೆ ಕೊಡುವ ಸಾಧನ ಸಿಗುತ್ತದಂತೆ, ಆದರೆ ಬೆಲೆ ಕೇಳಿ ಸುಮ್ಮನಾದೆ. ಅದರಿಂದ ನಿಜಕ್ಕೂ ಉಪಯೋಗವಿದೆಯೇ?

ಉತ್ತರ: ಇದೆ, ನಿಮ್ಮ ಕೆಲಸಕ್ಕಂತೂ ಖಂಡಿತ ಇದೆ. ಒಂದು ತೋಳು ಮೈತೂಕದ ಸುಮಾರು ಶೇ 5ರಷ್ಟು ಭಾರ, 60 ಕೆ.ಜಿ. ತೂಕದವರಿಗೆ ಹತ್ತಿರ ಹತ್ತಿರ 3 ಕೆ.ಜಿ. ಕಫದ ಒಂದು ಸ್ಲೈಡನ್ನು ನೆಗೆಟಿವ್ ಎಂದು ಬರೆಯಬೇಕಾದರೆ 100 ಫೀಲ್ಡ್ ನೋಡಬೇಕು. ಅಷ್ಟು ಹೊತ್ತೂ ಒಂದು ಕೈ ಫೋಕಸ್ ತಿರುಪಿನ ಮೇಲೆ, ಇನ್ನೊಂದು ಸ್ಲೈಡು ಸರಿಸುವ ತಿರುಪಿನ ಮೇಲೆ. ಆಡುವುದು ಬೆರಳು ಮಾತ್ರ, ತೋಳು ಗಾಳಿಯಲ್ಲೇ ನಿಂತಿರುತ್ತದೆ. ಅದನ್ನು ಹಿಡಿದಿಡುವುದು ಕುತ್ತಿಗೆಯಿಂದ ಭುಜಕ್ಕೆ ಹರಡಿದ ಸ್ನಾಯು. ಬಿಗಿದು ಸಡಿಲಾಗುತ್ತಿದ್ದರೆ ಸ್ನಾಯುವಿನಲ್ಲಿ ರಕ್ತ ಚೆನ್ನಾಗಿ ಆಡುತ್ತದೆ. ಒಂದೇ ಸಮನೆ ಬಿಗಿದೇ ಇದ್ದರೆ ಆಡುವುದಿಲ್ಲ. ನಿಮ್ಮ ಸೆಳೆತದ ಮೂಲ ಅಲ್ಲಿದೆ.

ಆದರೆ ಆಸರೆಗಿಂತ ಮೊದಲು ಕೂರುವ ಎತ್ತರ ನೋಡಿಕೊಳ್ಳಿ. ನಮ್ಮ ಎಷ್ಟೋ ಲ್ಯಾಬುಗಳಲ್ಲಿ ಗ್ರಾನೈಟ್ ಕಟ್ಟೆ ಇರುವುದು ನಿಂತು ಕೆಲಸ ಮಾಡುವ ಎತ್ತರಕ್ಕೆ, ಅದರ ಮುಂದೆ ಹಾಕಿರುವುದು ಪ್ಲಾಸ್ಟಿಕ್ ಕುರ್ಚಿ. ಮೊಣಕೈ ಕಟ್ಟೆಗಿಂತ ಕೆಳಗೆ ಉಳಿಯುತ್ತದೆ, ಭುಜ ಕಿವಿಯ ಕಡೆ ಏರುತ್ತದೆ. ಹಾಗೆ ಕೂತು ಆಸರೆಯ ಮೇಲೆ ಕೈಯಿಟ್ಟರೆ ಭುಜ ಇನ್ನೂ ಮೇಲೇರಿ ನೋವು ಹೆಚ್ಚುತ್ತದೆ. ಎತ್ತರದ ಸ್ಟೂಲ್ ಹಾಕಿಕೊಂಡು ಕಾಲಡಿಗೆ ಮಣೆ ಇಡಿ. ಕಟ್ಟೆಯ ಕೆಳಗೆ ಕಪಾಟು ಇದ್ದು ಮಂಡಿ ಒಳಗೆ ಹೋಗದಿದ್ದರೆ ಮೈಕ್ರೋಸ್ಕೋಪನ್ನೇ ಬೇರೆ ಮೇಜಿಗೆ ಸಾಗಿಸಿ.

ಆಮೇಲೆ ಆಸರೆ. ಅದನ್ನು ಕಡೂರಿನಲ್ಲೇ ಮಾಡಿಸಬಹುದು. ಮುಂಗೈ ಉದ್ದದ ಎರಡು ಹಲಗೆಗಳನ್ನು ತಿರುಪಿನ ಕಡೆಗೆ ಸ್ವಲ್ಪ ಏರುವಂತೆ ಬಡಗಿಯಿಂದ ಮಾಡಿಸಿ. ಬೈಕ್ ಸೀಟು ಹೊಲಿಯುವವರ ಹತ್ತಿರ ಅದಕ್ಕೆ ಫೋಮ್, ರೆಕ್ಸಿನ್ ಹಾಕಿಸಿ. ಬಟ್ಟೆ ಮಾತ್ರ ಬೇಡ. ರಕ್ತ, ಕಫ ತಾಗುವ ಜಾಗವಾದ್ದರಿಂದ ಶೇ 1ರ ಹೈಪೋಕ್ಲೋರೈಟ್‌ನಿಂದ ದಿನವೂ ಒರೆಸುವಂತಿರಬೇಕು. ಹೊಲಿಗೆಯೂ ಅಡಿಭಾಗಕ್ಕೆ ಬರಲಿ. ಸೂಜಿತೂತಿನೊಳಗೆ ಇಳಿದದ್ದು ಒರೆಸಿದರೆ ಹೋಗದು. ನೀವು ಸರ್ಕಾರಿ ಆಸ್ಪತ್ರೆಯವರಾದರೆ ಆರೋಗ್ಯ ರಕ್ಷಾ ಸಮಿತಿಗೆ ಬರೆದು ಕೇಳಿ. ಸಿಬ್ಬಂದಿಯ ಭುಜವೂ ಆಸ್ಪತ್ರೆಯ ಆಸ್ತಿಯೇ, ಕೇಳಲು ಸಂಕೋಚ ಬೇಡ.

ತಲೆ ಬಾಚಲು ಕೈ ಏಳದಿರುವುದು ಬರೀ ದಣಿವಲ್ಲ. ಮೂಳೆ ತಜ್ಞರಿಗೆ ತೋರಿಸಿ, ನಿಮ್ಮ ಸಕ್ಕರೆಯನ್ನೂ ಪರೀಕ್ಷಿಸಿಕೊಳ್ಳಿ. ಸಕ್ಕರೆ ಕಾಯಿಲೆಯವರಲ್ಲಿ ಭುಜದ ಕೀಲು ಬಿಗಿಯುವುದು ಹೆಚ್ಚು.

ಪ್ರಶ್ನೆ: ತರೀಕೆರೆಯ ಖಾಸಗಿ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ ಮೇಡಂ. ದಿನವಿಡೀ ಪಿಪೆಟ್ ಒತ್ತಿ ಹೆಬ್ಬೆರಳ ಬುಡ ನೋಯುತ್ತಿತ್ತು. ಮೊಣಕೈ ಊರಲು ಆಸರೆ ತರಿಸಿಕೊಂಡೆ. ಈಗ ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿಯುತ್ತವೆ.

ಉತ್ತರ: ಆ ಆಸರೆಯನ್ನು ಇವತ್ತೇ ತೆಗೆದಿಡಿ. ಮೊಣಕೈಯ ಒಳಬದಿಯಲ್ಲಿ ಮೂಳೆಯ ಪಕ್ಕದಲ್ಲೇ ಒಂದು ನರ ಹಾದುಹೋಗುತ್ತದೆ. ಮೊಣಕೈ ತಗುಲಿದಾಗ ಜುಂ ಎನ್ನುವುದು ಅದೇ ನರ. ಕಿರುಬೆರಳಿಗೆ, ಉಂಗುರ ಬೆರಳಿನ ಅರ್ಧಕ್ಕೆ ಸ್ಪರ್ಶ ಕೊಡುವುದೂ ಅದೇ. ಊರಬೇಕಾದದ್ದು ಮುಂಗೈಯ ಮಾಂಸಲ ಭಾಗವನ್ನು. ಮೊಣಕೈಯ ಮೂಳೆ, ಮಣಿಕಟ್ಟು ಎರಡೂ ಯಾವುದಕ್ಕೂ ಒತ್ತಬಾರದು. ಎರಡು ವಾರದಲ್ಲಿ ಜೋಮು ಇಳಿಯದಿದ್ದರೆ, ಇಲ್ಲವೇ ಹಿಡಿತ ಸಡಿಲಾಗಿ ವಸ್ತು ಜಾರತೊಡಗಿದರೆ, ತಡಮಾಡದೆ ವೈದ್ಯರಿಗೆ ತೋರಿಸಿ.

ಹೆಬ್ಬೆರಳ ನೋವಿಗೆ ಯಾವ ಆಸರೆಯೂ ಮದ್ದಲ್ಲ, ಅದು ಒತ್ತುವುದರಿಂದ ಬಂದದ್ದು. ಸ್ವೀಡನ್‌ನ ಲ್ಯಾಬ್ ಕೆಲಸಗಾರ್ತಿಯರ ಬಗ್ಗೆ 1994ರಲ್ಲಿ ಪ್ರಕಟವಾದ ಅಧ್ಯಯನವೊಂದು, ವರ್ಷಕ್ಕೆ 300 ಗಂಟೆಗಿಂತ ಹೆಚ್ಚು ಪಿಪೆಟ್ ಹಿಡಿದವರಲ್ಲಿ ಕೈ ತೊಂದರೆ ಹೆಚ್ಚೆಂದು ಕಂಡುಕೊಂಡಿತು. ವರ್ಷಕ್ಕೆ 300 ದಿನ ದುಡಿಯುವವರಿಗೆ ಅದು ದಿನಕ್ಕೆ ಒಂದೇ ಗಂಟೆ! ಮಾಲೀಕರಿಗೆ ಈ ಲೆಕ್ಕ ಹೇಳಿ ಕೆಲಸವನ್ನು ಇಬ್ಬರು ಹಂಚಿಕೊಳ್ಳಿ. ಟಿಪ್ಪನ್ನು ಕುಟ್ಟಿ ಕುಟ್ಟಿ ಕೂರಿಸಬೇಡಿ. ಬಿಗಿಯಾಗಿ ಕೂತಷ್ಟೂ ಅದನ್ನು ಕಳಚಲು ಹೆಬ್ಬೆರಳು ಹೆಚ್ಚು ಒತ್ತಬೇಕಾಗುತ್ತದೆ. ಟ್ಯೂಬ್ ಸ್ಟ್ಯಾಂಡ್, ಕಸದ ಡಬ್ಬಿ ಎರಡನ್ನೂ ಕೈ ಚಾಚದೆ ಸಿಗುವಷ್ಟು ಹತ್ತಿರ ಇಟ್ಟುಕೊಳ್ಳಿ.

ಪ್ರಶ್ನೆ: ಅಜ್ಜಂಪುರದ ಕಡೆ ಒಂದು ಹಳ್ಳಿಯ ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುತ್ತೇನೆ. ಎರಡು ಹೊತ್ತೂ ಸ್ಯಾಂಪಲ್ ತೆಗೆದು ತೆಗೆದು ಭುಜ ಹಿಡಿಯುತ್ತದೆ. ನನಗೂ ಆಸರೆ ಬೇಕೇ ಸಾರ್?

ಉತ್ತರ: ಬೇಡ. ನಿಮ್ಮ ಕೈ ಕ್ಯಾನಿಗೂ ಬಾಟಲಿಗೂ ಓಡಾಡುತ್ತಲೇ ಇರುತ್ತದೆ, ಅಲ್ಲಿ ಆಸರೆ ಅಡ್ಡಿಯೇ ಆದೀತು. ನಿಂತಾಗ ಕಟ್ಟೆ ಮೊಣಕೈಗಿಂತ ಎತ್ತರವಿದ್ದರೆ ಕಾಲಡಿಗೆ ಅಗಲವಾದ, ಜಾರದ ಹಲಗೆ ಹಾಕಿಕೊಳ್ಳಿ. ಸ್ಯಾಂಪಲ್ ಬಾಟಲಿಗಳು ಹೊಟ್ಟೆಯ ನೇರಕ್ಕಿರಲಿ. ಕ್ಯಾನ್ ಎತ್ತುವಾಗ ಇಬ್ಬರು ಹಿಡಿಯಿರಿ. 40 ಲೀಟರಿನ ಕ್ಯಾನು ತುಂಬಿದರೆ 40 ಕೆ.ಜಿ. ಮೀರುತ್ತದೆ.