ಅಳತೆಯಾಗದೆ ಮುಂಗಡ ಬೇಡ

ಪ್ರಶ್ನೆ: ನಾವು ವಾಷಿಂಗ್ಟನ್ ಪಕ್ಕದ ವರ್ಜೀನಿಯಾದಲ್ಲಿದ್ದೇವೆ. ತೀರ್ಥಹಳ್ಳಿ ಕಡೆ ಹಳೆಯ ಮನೆಯೊಂದನ್ನು ಕೊಳ್ಳುವ ಆಸೆ. ಮಾರುವವರು ಪರಿಚಯದವರೇ, ಸರ್ವೆ ಯಾಕೆ ಎನ್ನುತ್ತಾರೆ. ಏನು ಮಾಡಲಿ?

ಉತ್ತರ: ಪರಿಚಯ ಎಷ್ಟೇ ಹಳೆಯದಿರಲಿ, ಸರ್ವೆ ಮಾಡಿಸಲೇಬೇಕು. ಅದಕ್ಕೂ ಮೊದಲು ಜಾಗ ಯಾವ ಬಗೆಯದೆಂದು ನೋಡಿ. ಅನಿವಾಸಿ ಭಾರತೀಯರೂ ಒಸಿಐ ಕಾರ್ಡುದಾರರೂ ವಾಸದ ಮನೆ ಕೊಳ್ಳಬಹುದು. ಕೃಷಿ ಜಮೀನು, ಪ್ಲಾಂಟೇಶನ್, ಫಾರ್ಮ್‌ಹೌಸ್ ಖರೀದಿಗೆ ಫೆಮಾ (ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ) ನಿಯಮ ಅಡ್ಡ ಬರುತ್ತದೆ. ಮಲೆನಾಡಿನಲ್ಲಿ ಮನೆಗೆ ಅಂಟಿಕೊಂಡೇ ಅಡಿಕೆ ತೋಟವಿರುವುದರಿಂದ ಈ ಎಚ್ಚರ ಅಗತ್ಯ.

ಮನೆ ಗ್ರಾಮಠಾಣಾದಲ್ಲಿದ್ದರೆ ಪಂಚಾಯಿತಿಯ ಇ-ಸ್ವತ್ತು ದಾಖಲೆ ಕೇಳಿ, ಅದರಲ್ಲಿರುವ ಉದ್ದಗಲ, ಚೆಕ್ಕುಬಂದಿಯನ್ನು ಸ್ಥಳದ ಅಳತೆಯೊಂದಿಗೆ ತಾಳೆ ನೋಡಿಸಿ. ಸರ್ವೆ ನಂಬರಿನ ಜಾಗವಾದರೆ ಭೂಪರಿವರ್ತನೆ ಆದೇಶ ಬೇಕು. ಮಾಲೀಕರಿಂದಲೇ ಹದ್ದುಬಸ್ತಿಗೆ ಅರ್ಜಿ ಹಾಕಿಸಿ. ಭೂಮಾಪಕರು ಅಕ್ಕಪಕ್ಕದವರಿಗೆ ನೋಟಿಸು ಕೊಟ್ಟು ಗಡಿ ಗುರುತಿಸುತ್ತಾರೆ. ಒತ್ತುವರಿ ಇದ್ದರೆ ಆಗಲೇ ಗೊತ್ತಾಗುತ್ತದೆ. ಮನೆಗೆ ಹೋಗುವ ದಾರಿ, ಬಾವಿ ಯಾರ ಜಾಗದಲ್ಲಿವೆ ಎಂದೂ ಕೇಳಿಕೊಳ್ಳಿ.

ಸರ್ವೆ ಗಡಿಯನ್ನಷ್ಟೇ ಹೇಳುತ್ತದೆ. ಹಕ್ಕು, ಪಾಲುದಾರರು, ಸಾಲದ ವಿಚಾರವನ್ನು ವಕೀಲರು ಮೂಲಪತ್ರ ಮತ್ತು ಋಣಭಾರ ಪ್ರಮಾಣಪತ್ರ ನೋಡಿ ಹೇಳಬೇಕು. ಸರ್ವೆ ವರದಿ, ವಕೀಲರ ಅಭಿಪ್ರಾಯ ಎರಡೂ ಕೈಸೇರುವವರೆಗೆ ದಯವಿಟ್ಟು ಒಂದು ರೂಪಾಯಿಯನ್ನೂ ಕಳುಹಿಸಬೇಡಿ.